ಚಿಗವ್ವನಿಗೆ ಹೊಸ ಹೂ ಹೊಳೆಯದ ದಿನ

ಹೋದ ವಾರ ಟ್ರಂಕು ತೆರೆದಾಗ ನುಸಿಗುಳಿಗೆಯ ವಾಸನೆಯ ಜೊತೆ ನನ್ನ ಮದುವೆಯ ಇಳಕಲ್ ಸೀರೆ ಕೈಗೆ ಬಂತು. ಸೆರಗಿನ ಕಸೂತಿಯ ಮೇಲೆ ಬೆರಳಾಡಿಸಿದೆ. ತಟ್ಟನೆ ಕೈ ಹಿಂದೆಳೆದುಕೊಂಡೆ. ನಲವತ್ತು ವರ್ಷ ದಾಟಿದರೂ ಆ ಹೆದರಿಕೆ ಹೋಗಿಲ್ಲ...

ಎಪ್ಪತ್ತರ ದಶಕದ ಕೊನೆ. ಇಳಕಲ್ಲಿನಲ್ಲಿ ಪಕ್ಕದ ಮನೆಯಾಕೆಯನ್ನು ನಾನು ಚಿಗವ್ವ ಎನ್ನುತ್ತಿದ್ದೆ. ಆಕೆಗಿದ್ದವಳು ಒಬ್ಬಳೇ ಮಗಳು. ಚಿಗವ್ವ ಬಟ್ಟೆಯ ಮೇಲೆ ಗೆರೆ ಎಳೆಯದೆ, ಎಳೆ ಎಣಿಸಿಯೇ ಕಸೂತಿ ಹಾಕುತ್ತಿದ್ದಳು. ಹಾಕಿದ್ದನ್ನೇ ಮತ್ತೆ ಹಾಕಿದವಳಲ್ಲ. ಬನಶಂಕರಿ ಹೊಂಡದ ಮೆಟ್ಟಿಲು, ನಮ್ಮ ಬೆಕ್ಕಿನ ಬಾಲ, ಯಾರದೋ ಮನೆಯ ಕಿಟಕಿ... ಎಲ್ಲ ಸೇರಿ ಸೆರಗಿನಲ್ಲಿ ಯಾರೂ ಕಂಡಿರದ ಹೂವಾಗುತ್ತಿದ್ದವು.

"ಎಲ್ಲಾ ಕಂಡದ್ದ ಐತಿ ತಂಗಿ, ಕೂಡಸೂದಷ್ಟ ನಂದು" ಎನ್ನುತ್ತಿದ್ದಳು.

ನನ್ನ ಮದುವೆ ಗೊತ್ತಾದಾಗ ಈ ಸೀರೆ ಹಿಡಿದಳು. ಅರ್ಧಕ್ಕೆ ಬಂದಾಗ ಜ್ವರ ಬಂದು ಮಿದುಳಿಗೇರಿತು. ಬಾಗಲಕೋಟೆಯ ದವಾಖಾನೆಯಲ್ಲಿ ಇಪ್ಪತ್ತು ದಿನವಿದ್ದು ಬಂದಳು. ನಮ್ಮ ಗುರುತು ಹಿಡಿಯುತ್ತಿದ್ದಳು, ಅಷ್ಟೇ. ಹೋದ ವರ್ಷದ್ದು ಮಸುಕು. ಮುಂಜಾನೆ ಉಂಡದ್ದು ಮಧ್ಯಾಹ್ನಕ್ಕೆ ಇಲ್ಲ.

ಕೈ ಮಾತ್ರ ಸೂಜಿಯನ್ನು ಮರೆತಿರಲಿಲ್ಲ. ಒಂದು ಮಧ್ಯಾಹ್ನ ಹೋದಾಗ ನನ್ನ ಮದುವೆ ಸೀರೆಯ ಸೆರಗಿನ ತುಂಬ ಗೋಪುರ, ಮತ್ತೆ ಗೋಪುರ, ಮತ್ತೆ ಅದೇ ಗೋಪುರ ಹಾಕುತ್ತ ಕುಳಿತಿದ್ದಳು.

"ಚಿಗವ್ವಾ, ಹೊಸಾದೊಂದು ಹೂವ ಹಾಕವಾ" ಎಂದೆ.

ಕಣ್ಣು ಮುಚ್ಚಿದಳು. ಬಹಳ ಹೊತ್ತು. ಹಣೆ ಬೆವರಿತು.

"ಏನೂ ಕಾಣವಲ್ದು..."

ನಾನು ಮಾತು ತಿರುಗಿಸಿದೆ. "ಹೋಗ್ಲಿ ಬಿಡು. ನನ್ನ ಮದುವ್ಯಾಗ ನೀ ಎಲ್ಲಿ ಕುಂದರ್ತಿ, ಏನ್ ಉಟ್ಕೋತಿ, ಹೇಳು ನೋಡೂಣು."

ಕಣ್ಣು ತೆರೆದಳು. ಅಂಥ ಕಣ್ಣು ನಾನು ಮತ್ತೆಂದೂ ನೋಡಿಲ್ಲ.

"ಅದೂ ಕಾಣವಲ್ದು. ಹಿಂದನೂ ಇಲ್ಲ, ಮುಂದನೂ ಇಲ್ಲ. ಎಲ್ಲಿ ಅದೇನಿ ನಾ?" ನನ್ನ ಮುಂಗೈ ಗಟ್ಟಿಯಾಗಿ ಹಿಡಿದಳು. "ಹೋಗಬ್ಯಾಡ."

ಕೈ ಕಿತ್ತುಕೊಂಡು ಓಡಿದೆ.

ಹೊಸದನ್ನು ಕಲ್ಪಿಸಲು, ನಾಳೆಯನ್ನು ಊಹಿಸಲು ಕೂಡ ಮಿದುಳಿಗೆ ಹಳೆಯ ನೆನಪಿನ ಚೂರುಗಳೇ ಬೇಕಂತೆ. ಇದನ್ನು ನಾನು ಓದಿದ್ದು ಎಷ್ಟೋ ವರ್ಷಗಳ ಮೇಲೆ. ಅಂದು ಗೊತ್ತಿದ್ದದ್ದು ಹೆದರಿಕೆ ಒಂದೇ. ಎಂಟು ದಿನ ಆ ಮನೆಯ ಕಡೆ ತಿರುಗಿ ನೋಡಲಿಲ್ಲ. ಆಮೇಲೆ ನಾಚಿಕೆ ತಡೆಯಲಾಗದೆ ಹೋದೆ.

"ಅವತ್ತ ಓಡಿಹೋದ್ನಿ ಚಿಗವ್ವಾ, ತಪ್ಪಾತು."

"ಯಾವತ್ತ?" ಎಂದು ನಕ್ಕಳು.

ಆಮೇಲೆ ನಾಲ್ಕು ವರ್ಷ ಬದುಕಿದಳು. ತೀರಿಕೊಂಡಾಗ ನಾನು ಹುನಗುಂದದಲ್ಲಿ ಬಾಣಂತಿ, ಮಣ್ಣಿಗೂ ಹೋಗಲಾಗಲಿಲ್ಲ. ಆಕೆ ಇಲ್ಲ, ಆಕೆಯ ಮಗಳೂ ಈಗಿಲ್ಲ.

ಮೊನ್ನೆ ಅಡುಗೆಮನೆಯಲ್ಲಿ ನಿಂತು ಮೊಮ್ಮಗಳನ್ನು ಕರೆಯಲು ಬಾಯಿ ತೆರೆದೆ. ಹೆಸರು ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಂತು, ನಿಜ... ಆದರೆ ಅಷ್ಟರಲ್ಲಿ, ಅಂದು ಚಿಗವ್ವ ನನ್ನ ಮುಂಗೈ ಹಿಡಿದ ಹಾಗೆ, ಅಡುಗೆಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಈ ಸಲ ಓಡಿಹೋಗಲು ಜಾಗವಿರಲಿಲ್ಲ.