ಓರೆ ಚಕ್ರದ ಕೆಳಗಿನ ನಿಂಬೆಹಣ್ಣು

ನಿಂಬೆಹಣ್ಣು ಹಸಿರಾಗಿತ್ತು ಎಂದು ಬರೆಯಲು ಕೈ ಹೋಗುತ್ತದೆ. ಹಸಿರಾದರೆ ಚಿತ್ರ ಚೆನ್ನ. ಅದಕ್ಕೇ ಅನುಮಾನ. ಹಳದಿಯೇ ಇದ್ದಿರಬೇಕು.

ಮಗಳ ಹಳೆಯ ಜಪಾನಿ ಕಾರಿಗೆ ಶಿಕಾಗೊ ಹತ್ತಿರದ ಲೆಮಾಂಟ್ ದೇವಸ್ಥಾನದ ಪಾರ್ಕಿಂಗಿನಲ್ಲಿ ಪೂಜೆ. ಮುಗಿಸಿಕೊಂಡು ಇಬ್ಬರೂ ಅದರಲ್ಲೇ ಮಿಷಿಗನ್ನಿನ ಫಾರ್ಮಿಂಗ್ಟನ್ ಹಿಲ್ಸ್‌ನ ನಮ್ಮ ಮನೆಗೆ ಹೊರಡುವುದಿತ್ತು. ಚಳಿಗಾಲವಿಡೀ ಅವಳು ಶಿಕಾಗೊದ ಗೆಳತಿಯ ಗ್ಯಾರೇಜಿನಲ್ಲಿ ಆ ಕಾರನ್ನು ನೆಲಕ್ಕೆ ತಗ್ಗಿಸಿದ್ದಳು. ಚಕ್ರಗಳ ಮೇಲಿನ ತಗಡು ಕತ್ತರಿಸಿ ಅಗಲದ ರೆಕ್ಕೆ ಕೂರಿಸಿದ್ದಳು. ಬೋಲ್ಟುಗಳನ್ನು ಮುಚ್ಚಿರಲಿಲ್ಲ, ಕಾಣಬೇಕಂತೆ. ಹಿಂದಿನ ಚಕ್ರಗಳನ್ನು ಬೇಕೆಂದೇ ಓರೆ ಮಾಡಿದ್ದಳು, ತಲೆ ಒಳಕ್ಕೆ, ಪಾದ ಹೊರಕ್ಕೆ.

"ಜಪಾನ್‌ನಲ್ಲಿ ಈ ಸ್ಟೈಲ್‌ಗೆ ಒಂದು ಡೀಮನ್ ಹೆಸರಿದೆ, ಅಮ್ಮಾ. ಹೌ ಕೂಲ್ ಈಸ್ ದಟ್?"

ಪೂಜೆಯ ದಿನ ರಾಕ್ಷಸನ ಹೆಸರು ಎತ್ತುವುದೇ?

ಪುರೋಹಿತರು ಎಲ್ಲ ಕಾರುಗಳಿಗೂ ಇಡುವಂತೆ ಪ್ರತಿ ಚಕ್ರದ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು, ಹೊರ ಅಂಚಿನ ಕಡೆಗೆ. ಕಾರು ಮುಂದೆ ಸರಿಯಿತು. ಮುಂದಿನವು ಪಚಕ್ಕನೆ ಒಡೆದವು. ಹಿಂದಿನವೆರಡೂ ಚಕ್ರ ದಾಟಿ ಹೋದ ಮೇಲೂ ಇಟ್ಟಲ್ಲೇ ಇದ್ದವು, ಇಡಿಯಾಗಿ.

ಹಿಂದೆ ಹೊಸ ಎಸ್‌ಯುವಿ ಜೊತೆ ಕಾಯುತ್ತಿದ್ದ ಧಾರವಾಡದ ಕಡೆಯ ಅಂಕಲ್ ನಕ್ಕರು. "ಏನವ್ವಾ, ನಿನ್ನ ಗಾಡಿ ಗಬ್ಬದ ಎಮ್ಮಿ ಹಂಗ ಕಾಲು ಅಗಲಿಸಿ ನಿಂತೈತಲ್ಲ!"

"ಥ್ಯಾಂಕ್ಯೂ ಅಂಕಲ್," ಎಂದಳು ಮಗಳು.

ನಾನು ನಗಲಿಲ್ಲ. ಒಡೆಯದ ಒಂದು ಹಣ್ಣನ್ನು ಎತ್ತಿಕೊಂಡು ಕಾರು ಹತ್ತಿದೆ. ಎಸೆಯಲೂ ಹೆದರಿಕೆ, ಇಟ್ಟುಕೊಳ್ಳಲೂ ಹೆದರಿಕೆ.

ಹೈವೇಯಲ್ಲಿ ಟ್ರಕ್ಕುಗಳ ಚಕ್ರಗಳು ನನ್ನ ಕಿವಿಯ ಮಟ್ಟಕ್ಕಿದ್ದವು. ರಸ್ತೆಯ ಪ್ರತಿ ಬಿರುಕಿಗೂ ಹಿಂದೆ ಏನೋ ಉಜ್ಜಿದ ಸದ್ದು. "ದಟ್ಸ್ ನಾರ್ಮಲ್," ಎಂದಳು. ಇಂಡಿಯಾನಾ ದಾಟುವಾಗ ಹಾಡು ಗುನುಗುತ್ತಿದ್ದವಳು ಮಿಷಿಗನ್ ಬರುವಷ್ಟರಲ್ಲಿ ಸುಮ್ಮನಾಗಿದ್ದಳು. ಅಥವಾ ನನಗೇ ಕೇಳುವುದು ನಿಂತಿತ್ತೇನೋ. ಮಡಿಲಲ್ಲಿ ಹಣ್ಣು ಉರುಳುತ್ತಿತ್ತು. ಒಡೆಯದ್ದು ಅಪಶಕುನ ಎಂದುಕೊಳ್ಳುತ್ತಿರುವಾಗಲೇ ಇನ್ನೊಂದು ಯೋಚನೆ ಬಂತು, ಅದು ಇನ್ನೂ ಕೆಟ್ಟದ್ದು. ಚಕ್ರದ ಹೊರ ಅಂಚು ನಿಂಬೆಹಣ್ಣನ್ನೇ ಮುಟ್ಟಲಿಲ್ಲ. ಹಾಗಾದರೆ ಇಡೀ ಭಾರ ಹೊತ್ತಿರುವುದು ಯಾವುದು?

"ಮುಂದಿನ ಎಕ್ಸಿಟ್ ತಗೋ."

"ಅಮ್ಮಾ, ಪ್ಲೀಸ್, ನಾಟ್ ದ ಲೆಮನ್ ಅಗೇನ್..."

"ತಗೋ ಅಂದ್ನಲ್ಲ!"

ಗ್ಯಾಸ್ ಸ್ಟೇಷನ್ನಿನಲ್ಲಿ ಸೀರೆಯಲ್ಲೇ ಮೊಣಕಾಲೂರಿ ಹಿಂದಿನ ಟೈರಿನ ಒಳಬದಿಗೆ ಕೈ ಹಾಕಿದೆ. ಹೊರಗಿನಿಂದ ಅದು ಹೊಚ್ಚ ಹೊಸದು. ಒಳ ಅಂಚಿನಲ್ಲಿ ರಬ್ಬರೇ ಇರಲಿಲ್ಲ. ಬೆರಳಿಗೆ ಟೈರಿನೊಳಗಿನ ಉಕ್ಕಿನ ತಂತಿ ಚುಚ್ಚಿತು. ಅವಳ ಕೈ ಹಿಡಿದು ಅಲ್ಲಿಗೇ ಒಯ್ದೆ. ಮುಟ್ಟಿದಳು. ಮತ್ತೆ ಮುಟ್ಟಿದಳು.

"ಭಯ ಆಗ್ತಿದೆ ಅಮ್ಮಾ."

ಕನ್ನಡದಲ್ಲೇ ಹೇಳಿದಳು ಎಂದು ನೆನಪು ಹೇಳುತ್ತದೆ. ನೆನಪು ನನ್ನನ್ನು ಮೆಚ್ಚಿಸಲು ನೋಡುತ್ತದೆ, ಇಂಗ್ಲಿಷಿನಲ್ಲೇ ಹೇಳಿರಬಹುದು. ಅವಳ ಕೈ ತಣ್ಣಗಿದ್ದದ್ದು ಮಾತ್ರ ನಿಜ.

ಕೆಟ್ಟ ಕಾರು ಹೊತ್ತೊಯ್ಯುವ ಟ್ರಕ್ಕು ಬಂತು. ಕಾರು ಎಷ್ಟು ತಗ್ಗಿತ್ತೆಂದರೆ, ಹಲಗೆ ಕೊಡದೆ ಅದರ ಮೇಲೆ ಹತ್ತಲಿಲ್ಲ.

ಟೈರು ಬದಲಾಯಿತು, ಓರೆ ಬದಲಾಗಲಿಲ್ಲ. ಅದನ್ನು ಬಿಟ್ಟರೆ ಆ ಕಾರು ಏನೂ ಅಲ್ಲವಂತೆ. ಈಗ ಅವಳು ಹೊರಡುವ ಮೊದಲು ಪ್ರತಿ ಸಲವೂ ನಾನು ಡ್ರೈವ್‌ವೇಯಲ್ಲಿ ಕೂತು ಒಳ ಅಂಚನ್ನು ಸವರುತ್ತೇನೆ.

"ಅಮ್ಮಾ, ನೇಬರ್ಸ್ ನೋಡ್ತಿದಾರೆ."

ನೋಡಲಿ. ಇನ್ನೊಂದು ಚಕ್ರ ಬಾಕಿಯಿದೆ.