ಗುಬ್ಬಿಗೆ ಹೋಗದ ಬ್ಲಾಕು

ಏಕಾಂತಯ್ಯನನ್ನು ಒಳ್ಳೆಯವನು ಎಂದರೆ ಅವನಿಗೇ ನಗು ಬರುತ್ತಿತ್ತು. ಕೆಟ್ಟವನು ಎಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ತುಮಕೂರಿನ ಮಂಡಿಪೇಟೆಯಲ್ಲಿದ್ದ ಒಂದು ಸಣ್ಣ ಪ್ರೆಸ್ಸಿನಲ್ಲಿ ಅವನು ಕಂಪೋಸಿಟರ್. ಸೀಸದ ಅಕ್ಷರದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ, ಸಾಲು ಜೋಡಿಸಿ, ಪುಟ ಕಟ್ಟುವ ಕೆಲಸ. ನಾನು ಸ್ಕೂಲ್ ಮೇಷ್ಟ್ರು. ಸಂಜೆ ಮತ್ತು ಭಾನುವಾರ ಅದೇ ಪ್ರೆಸ್ಸಿನಲ್ಲಿ ಕೂತು ಪ್ರೂಫ್ ತಿದ್ದುತ್ತಿದ್ದೆ.

ತಿದ್ದುತ್ತಿದ್ದೆ ಎನ್ನುವುದಕ್ಕಿಂತ ಅವನ ಮೇಲೆ ಕಣ್ಣಿಟ್ಟು ಕಾಯುತ್ತಿದ್ದೆ ಎನ್ನುವುದೇ ಸರಿ. ಲಗ್ನಪತ್ರಿಕೆಗಳಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂದು ನೆಂಟರ ಹೆಸರುಗಳ ಸಾಲು ಇರುತ್ತದಲ್ಲ, ಅದರ ಕೊನೆಗೆ ಏಕಾಂತಯ್ಯ ನನ್ನ ಕಣ್ಣು ತಪ್ಪಿಸಿ ಮೆಲ್ಲಗೆ ‘ಚಿ॥ ಸೋಮು’ ಎಂದು ಸೇರಿಸಿಬಿಡುತ್ತಿದ್ದ. ಸೋಮು ಪ್ರೆಸ್ಸಿನ ಬೆಕ್ಕು. ಗಂಡಿನ ಕಡೆಯವರು ಅದು ಹೆಣ್ಣಿನ ಕಡೆಯ ಮಗು ಅಂದುಕೊಳ್ಳುತ್ತಿದ್ದರು, ಹೆಣ್ಣಿನ ಕಡೆಯವರು ಗಂಡಿನ ಕಡೆಯದು ಅಂದುಕೊಳ್ಳುತ್ತಿದ್ದರು. ಆ ಬೆಕ್ಕು ಸತ್ತು ಇನ್ನೊಂದು ಬಂತು, ಅದಕ್ಕೂ ಸೋಮು ಎಂದೇ ಹೆಸರಿಟ್ಟ. ಜಿಲ್ಲೆಯ ಅರ್ಧ ಮದುವೆಗಳಿಗೆ ಜನರನ್ನು ಕರೆದದ್ದು ಆ ಬೆಕ್ಕು.

ಇಂಥವನ ಕೈಗೆ ಗುಬ್ಬಿಯ ಚೌಡಪ್ಪನವರ ಮುಖ ಸಿಕ್ಕಿತು. ಸಿಗಬಾರದಿತ್ತು, ಸಿಕ್ಕಿತು.

ಎಪ್ಪತ್ತರ ಆಸುಪಾಸು. ಕೊಬ್ಬರಿ ವ್ಯಾಪಾರಿ ಚೌಡಪ್ಪನವರು ಊರಿನ ಎಲೆಕ್ಷನ್ನಿಗೆ ನಿಂತರು. ಕರಪತ್ರದಲ್ಲಿ ತಮ್ಮ ಫೋಟೋ ಇರಲೇಬೇಕೆಂದು ಹಟ. ಫೋಟೋ ಅಚ್ಚಾಗಬೇಕಾದರೆ ಆಗ ಅದನ್ನು ತಗಡಿನ ಮೇಲೆ ಕೊರೆಸಿ, ಮರದ ತುಂಡಿಗೆ ಹೊಡೆಸಿ ಬ್ಲಾಕು ಮಾಡಿಸಬೇಕಿತ್ತು, ಅದೂ ಬೆಂಗಳೂರಿನಲ್ಲಿ. ಮಾಡಿಸಿದರು. ಜರಿ ರುಮಾಲು, ಗಿರಿಜಾ ಮೀಸೆ, ಕಿವಿಯಲ್ಲಿ ಒಂಟಿ, ಬಲಹುಬ್ಬನ್ನು ಎರಡಾಗಿ ಸೀಳಿದ ಹಳೇ ಗಾಯದ ಗುರುತು. ಕರಪತ್ರ ಚೆನ್ನಾಗಿ ಬಂತು. ಚೌಡಪ್ಪನವರು ಚೆನ್ನಾಗಿಯೇ ಸೋತರು. ಆಮೇಲೆ ನಾಚಿಕೆಗೆ ಪ್ರೆಸ್ಸಿನ ಕಡೆ ತಲೆ ಹಾಕಲಿಲ್ಲ, ಬ್ಲಾಕು ನಮ್ಮಲ್ಲೇ ಉಳಿಯಿತು.

ಆಗ ಹಳ್ಳಿ ಜನ ತಿಥಿ ಕಾರ್ಡು ಮಾಡಿಸಲು ಬರುತ್ತಿದ್ದರು. ಸತ್ತವರದ್ದು ಒಂದು ಫೋಟೋ ಹಾಕಿ ಎನ್ನುವರು. ಎಷ್ಟೋ ಜನಕ್ಕೆ ಫೋಟೋ ಎಂಬುದೇ ಇರುತ್ತಿರಲಿಲ್ಲ. ಇದ್ದರೂ ಬ್ಲಾಕು ಬೆಂಗಳೂರಿನಿಂದ ಬರುವಷ್ಟರಲ್ಲಿ ತಿಥಿ ಊಟ ಮುಗಿದಿರುತ್ತಿತ್ತು. ಏಕಾಂತಯ್ಯ ಚೌಡಪ್ಪನವರ ಬ್ಲಾಕು ತೆಗೆದು ತೋರಿಸುತ್ತಿದ್ದ. “ರುಮಾಲು ಕಟ್ತಿದ್ರಾ? ಮೀಸೆ ಇತ್ತಾ? ಹಂಗಾದ್ರೆ ಇದೇ ಆಯ್ತದೆ ಬುಡಿ. ಮಿಕ್ಕಿದ್ದನ್ನ ಇಂಕು ನೋಡ್ಕಂತದೆ.”

ಇಂಕು ಒಂದು ಕೈ ಜಾಸ್ತಿ ಹಚ್ಚುತ್ತಿದ್ದ. ಮುಖ ಯಾರದ್ದಾದರೂ ಆಗಬಹುದು ಎನ್ನುವಷ್ಟು ಕಪ್ಪಾಗುತ್ತಿತ್ತು. ಗೆರೆ ಎಳೆಯಲು ಇಟ್ಟಿದ್ದ ಹಿತ್ತಾಳೆ ರೂಲುಗಳನ್ನು ಹಣೆಯ ಜಾಗಕ್ಕೆ ಜೋಡಿಸಿ ಕಾರ್ಡನ್ನು ಬಿಳಿ ಇಂಕಿನಲ್ಲಿ ಇನ್ನೊಂದು ಸಲ ಮಷೀನಿಗೆ ಕೊಡುತ್ತಿದ್ದ. ಮೂರು ರೂಲು ಅಡ್ಡ ಬಿದ್ದರೆ ವಿಭೂತಿ, ಉದ್ದ ನಿಂತರೆ ನಾಮ. ಹೀಗೆ ಚೌಡಪ್ಪನವರು ಒಂದು ವಾರ ಶೈವರಾಗಿ ಸತ್ತರೆ ಮುಂದಿನ ವಾರ ವೈಷ್ಣವರಾಗಿ ಸಾಯುತ್ತಿದ್ದರು.

“ಪಾಪ ಬರ್ತದೆ ಕಣಯ್ಯ” ಎಂದು ನಾನು ಗದರಿಸಿದ್ದುಂಟು.

“ಸತ್ತ ಮ್ಯಾಲೆ ಎಲ್ರೂ ಒಂದೇ ಅಂತ ದೊಡ್ಡೋರು ಹೇಳವ್ರೆ ಮೇಷ್ಟ್ರೇ. ನಾನು ಪ್ರಿಂಟ್ ಹಾಕ್ತಿದೀನಿ ಅಷ್ಟೇಯ.”

ಅವನಿಗೂ ಒಂದು ನೇಮವಿತ್ತು. ಕುಣಿಗಲ್ಲಿಗೆ, ಕೊರಟಗೆರೆಗೆ, ಮಧುಗಿರಿಗೆ ಆ ಬ್ಲಾಕು ಹೋಗುತ್ತಿತ್ತು. ಗುಬ್ಬಿಯವರು ಬಂದರೆ ಮಾತ್ರ “ಬ್ಲಾಕು ಸವೆದೋಗೈತೆ” ಎಂದು ಕೈ ಆಡಿಸಿಬಿಡುತ್ತಿದ್ದ. ಬದುಕಿರುವ ಚೌಡಪ್ಪನವರ ಕೈಗೆ ಅವರದೇ ತಿಥಿ ಕಾರ್ಡು ಸಿಗಬಾರದಲ್ಲ! ಹದಿನೆಂಟು ವರ್ಷ ಈ ನೇಮ ತಪ್ಪಲಿಲ್ಲ. ಆದರೆ ಅಷ್ಟು ಬುದ್ಧಿವಂತ ಒಂದು ಲೆಕ್ಕ ಮರೆತಿದ್ದ. ಹೆಣ್ಣು ಕೊಟ್ಟು ತರುವವರು ತಾಲ್ಲೂಕಿನ ಗಡಿ ನೋಡುವುದಿಲ್ಲ.

ಎಂಬತ್ತೊಂಬತ್ತರಲ್ಲಿ ಚೌಡಪ್ಪನವರ ಮಗಳನ್ನು ನೋಡಲು ಕುಣಿಗಲ್ ಕಡೆಯ ಮಾರ್ಕೋನಹಳ್ಳಿಯಿಂದ ಅಂಜನಮೂರ್ತಿ ಎಂಬ ಹುಡುಗ ಬಂದ. ಡ್ಯಾಮಿನ ಕೆಳಗೆ ನಾಲೆ ನೀರಿನ ಗದ್ದೆ, ತಂದೆ ಇಲ್ಲ. ತಾಯಿ ನರಸಿಂಹಮ್ಮ ವಿಧವೆಯೆಂದು ಶುಭಕಾರ್ಯಕ್ಕೆ ಮುಂದೆ ಬರದೆ ಮನೆಯಲ್ಲೇ ಉಳಿದಿದ್ದರು. ಜೊತೆಗೆ ಬಂದವರು ಚಿಕ್ಕಮ್ಮ ಚಿಕ್ಕಮಾರಮ್ಮ. ಹುಡುಗನ ತಂದೆ ತೀರಿಕೊಂಡ ಮೇಲೆ ಆ ಮನೆಗೆ ಸೊಸೆಯಾಗಿ ಬಂದವರು, ಬಾಯಿ ಜೋರು. ಮುಂದೆ ನಡೆದದ್ದನ್ನು ಚೌಡಪ್ಪನವರು ನನಗೆ ಎಷ್ಟು ಸಲ ಹೇಳಿದ್ದಾರೆಂದರೆ ನಾನೇ ಅಲ್ಲಿ ಕೂತಿದ್ದಂತಾಗಿದೆ.

ಹುಡುಗಿ ಮಹಾಲಕ್ಷ್ಮಮ್ಮ ಉಪ್ಪಿಟ್ಟು ತಂದಿಟ್ಟಳು. ಹುಡುಗ ಅವಳನ್ನು ನೋಡಿದ, ಅವಳೂ ನೋಡಿದಳು, ಇಬ್ಬರಿಗೂ ಒಪ್ಪಿಗೆ ಎಂಬುದು ಗೋಡೆಗೂ ಗೊತ್ತಾಯಿತು. ಆಗ ಒಳಗಿನಿಂದ ಚೌಡಪ್ಪನವರು ಅದೇ ಜರಿ ರುಮಾಲು, ಅದೇ ಮೀಸೆಯಲ್ಲಿ ಬಂದು ಕೂತರು. ಚಿಕ್ಕಮಾರಮ್ಮನ ಕೈಯಲ್ಲಿದ್ದ ತಟ್ಟೆ ಕೆಳಗೆ ಬಿತ್ತು.

“ಅಯ್ಯೋ ಶಿವನೇ! ನಮ್ ಭಾವನೋರು!”

ಅಂಜನಮೂರ್ತಿ ಚೌಡಪ್ಪನವರ ಮುಖವನ್ನೇ ನೋಡುತ್ತ ಎದ್ದು ನಿಂತ. ಜೇಬಿನಿಂದ ಪರ್ಸು ತೆಗೆದು, ತಿಥಿ ಕಾರ್ಡಿನಿಂದ ಕತ್ತರಿಸಿ ಇಟ್ಟುಕೊಂಡಿದ್ದ ತಂದೆಯ ಫೋಟೋ ತೋರಿಸಿದ. ಅದೇ ಕಾರ್ಡಿನ ಇನ್ನೊಂದು ಪ್ರತಿ ಮನೆಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟಿದ್ದರು. ಚಿಕ್ಕಂದಿನಿಂದ ದಿನಾ ಅದಕ್ಕೆ ಹೂವಿಟ್ಟು ಕೈ ಮುಗಿದವನು ಅವನು. ಚಿಕ್ಕಮಾರಮ್ಮ ತಡಮಾಡದೆ ತೀರ್ಪು ಕೊಟ್ಟರು. “ಒಂದೇ ಅಚ್ಚು ಕಣೋ! ಹುಬ್ಬಿನ ಗಾಯಾನೂ ಬುಟ್ಟಿಲ್ಲ. ಒಂದೇ ರಕ್ತ ಇದು. ಈ ಹುಡ್ಗಿ ನಿಂಗೆ ತಂಗಿ ಆಯ್ತಾಳೆ, ಏಳು ಮ್ಯಾಕೆ!”

ಚೌಡಪ್ಪನವರು ಫೋಟೋ ಕಸಿದುಕೊಂಡು ನೋಡಿದರು. “ಯಾವ ರಕ್ತಾನಮ್ಮ? ಇದು ನಾನೇಯ! ನನ್ ಎಲೆಕ್ಷನ್ ಫೋಟೋ! ನಂಗೇ ನಾಮ ಹಾಕವ್ನಲ್ಲಾ ಬಡ್ಡಿಮಗ!”

“ಮಗಳ ಮದುವೆ ಆಗ್ಬೇಕು ಅಂದ್ರೆ ಎಲ್ರೂ ಹಿಂಗೇ ಹೇಳೋದು” ಎಂದರು ಚಿಕ್ಕಮಾರಮ್ಮ. ಒಳಗೆ ಮಹಾಲಕ್ಷ್ಮಮ್ಮ ಅಳಲು ಶುರುಮಾಡಿದಳು. ಮಗಳ ಅಳು ಕೇಳಿ ಚೌಡಪ್ಪನವರ ತಾಳ್ಮೆ ಹೋಯಿತು. ಹುಡುಗ, ಚಿಕ್ಕಮ್ಮ ಇಬ್ಬರನ್ನೂ ಎಬ್ಬಿಸಿ ಬಸ್ಸು ಹತ್ತಿಸಿಕೊಂಡು ತುಮಕೂರಿಗೆ ಬಂದರು.

ಅವತ್ತು ಭಾನುವಾರ, ನಾನು ಪ್ರೆಸ್ಸಿನಲ್ಲೇ ಇದ್ದೆ. ಬಾಗಿಲಲ್ಲಿ ರುಮಾಲು ಕಂಡದ್ದೇ ಏಕಾಂತಯ್ಯನ ಕೈಯಲ್ಲಿದ್ದ ಮೊಳೆಗಳೆಲ್ಲ ನೆಲಕ್ಕೆ ಚೆಲ್ಲಿದವು.

“ಎಲ್ಲಿ ನನ್ ಬ್ಲಾಕು?” ಎಂದರು ಚೌಡಪ್ಪನವರು.

ಯಾವ ಬ್ಲಾಕು, ಯಾವ ಚೌಡಪ್ಪ ಎಂದೆಲ್ಲ ಅವನು ಸ್ವಲ್ಪ ಹೊತ್ತು ಆಟ ಆಡಿದ. ಮದುವೆ ಮುರಿಯುತ್ತಿದೆ ಎಂದು ಗೊತ್ತಾದ ಮೇಲೆ ಆಟ ನಿಲ್ಲಿಸಿದ. ಮೇಜಿನ ಒಳಗಿನಿಂದ ಬ್ಲಾಕು ತೆಗೆದ, ಹದವಾಗಿ ಇಂಕು ಹಚ್ಚಿದ, ಒಂದು ಹಾಳೆ ಒತ್ತಿ ಎಳೆದ. ನಾಮವಿಲ್ಲ, ವಿಭೂತಿಯಿಲ್ಲ. ಎದುರಿಗೆ ನಿಂತಿದ್ದ ಚೌಡಪ್ಪನವರೇ, ವಯಸ್ಸು ಮಾತ್ರ ಕಮ್ಮಿ.

“ಹಂಗಾದ್ರೆ ಭಾವ ಅಲ್ಲ, ಬೀಗರೇ!” ಎಂದು ಚಿಕ್ಕಮಾರಮ್ಮ ನಕ್ಕುಬಿಟ್ಟರು. ನಾವೂ ನಕ್ಕೆವು. ಅಂಜನಮೂರ್ತಿ ಒಬ್ಬ ನಗಲಿಲ್ಲ. ಇಂಕು ಆರದ ಹಾಳೆಯನ್ನು ಹಿಡಿದುಕೊಂಡು ನಿಂತಿದ್ದ.

“ಹಂಗಾದ್ರೆ ನಮ್ಮಪ್ಪ ಹೆಂಗಿದ್ರು ಸ್ವಾಮಿ?”

ಏಕಾಂತಯ್ಯ ಬ್ಲಾಕನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟ. “ನಾನು ನೋಡಿಲ್ಲ ಕಣಪ್ಪ. ನಿಮ್ ತಾಯೋರ ಅಪ್ಪ ವೆಂಕಟಯ್ಯನೋರು ಬಂದಿದ್ರು. ಫೋಟೋ ಇಲ್ಲ ಅಂದ್ರು. ಮಗ ಇನ್ನೂ ಕೂಸು, ಕೈ ಮುಗಿಯಕ್ಕೆ ಅವನಿಗೆ ಒಂದು ಮುಖ ಬೇಕು ಅಂತ ಮಗಳು ಹೇಳ್ ಕಳ್ಸವ್ಳೆ ಅಂದ್ರು. ಮೊದಲ ಸಲ ಈ ಬ್ಲಾಕು ಹಾಕಿದ್ದು ನಿನಗೋಸ್ಕರಾನೇ.”

ಹುಡುಗ ಹಾಳೆಯನ್ನು ಮೇಜಿನ ಮೇಲಿಟ್ಟ. ಮದುವೆಗೆ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಚಿಕ್ಕಮ್ಮನನ್ನು ಕರೆದುಕೊಂಡು ಹೊರಟುಹೋದ. ಚೌಡಪ್ಪನವರು ಬ್ಲಾಕನ್ನು ಟವೆಲಿನಲ್ಲಿ ಸುತ್ತಿಕೊಂಡರು. “ಇನ್ ಮ್ಯಾಲೆ ನನ್ ಮುಖದಾಗೆ ಯಾವನೂ ಸಾಯಂಗಿಲ್ಲ!” ಎಂದು ಗುಡುಗಿ ಗುಬ್ಬಿ ಬಸ್ಸು ಹಿಡಿದರು.

ಅದಾದ ಮೇಲೆ ಏಕಾಂತಯ್ಯ ಮಂಕಾದ. ಲಗ್ನಪತ್ರಿಕೆಗಳಿಂದ ಸೋಮು ಮಾಯವಾದ. ಪ್ರೆಸ್ಸಿನ ಬಾಗಿಲ ಕಡೆ ನೋಡುವುದೇ ಅವನ ಕೆಲಸವಾಯಿತು.

ಒಂದು ಸಂಜೆ ಅಂಜನಮೂರ್ತಿ ಬಂದ, ಕೈಯಲ್ಲಿ ಅರಿಸಿನ ಹಚ್ಚಿದ ಕಾಗದ. ತನ್ನದೇ ಮದುವೆಯ ಲಗ್ನಪತ್ರಿಕೆ ಮಾಡಿಸಬೇಕಿತ್ತು. ಏಕಾಂತಯ್ಯ ಸ್ಟೂಲು ಎಳೆದು ಅವನನ್ನು ಕೂರಿಸಿದ.

“ಅವ್ವನ್ನ ಕೇಳ್ದೆ” ಎಂದ ಹುಡುಗ. “ಆವಮ್ಮ ಆ ಫೋಟೋಗೆ ಒಂದಿನಾನೂ ಹೂವ ಇಟ್ಟೋಳಲ್ಲ, ನನ್ನ ಕೈಲೇ ಇಡಿಸ್ತಿದ್ಳು. ಯಾಕೆ ಅಂತ ಈಗ ಗೊತ್ತಾಯ್ತು. ‘ನಿಮ್ಮಪ್ಪ ನಿನ್ ಹಂಗೇ ಇದ್ರು ಕಣೋ, ನೋಡ್ಕಳಕ್ಕೆ ನಂಗೆ ನೀನಿದ್ದೆ, ನಿಂಗೆ ಯಾರಿದ್ರು ಹೇಳು, ಅದಕ್ಕೆ ಆ ಫೋಟೋ’ ಅಂದ್ಳು.”

ಏಕಾಂತಯ್ಯ ಮೂಗು ಒರೆಸಿಕೊಂಡ. “ಗೋಡೆ ಮ್ಯಾಲಿನ ಫೋಟೋ ತೆಗೆದ್ರಾ?”

“ಅದು ನಮ್ ಮಾವಂದಲ್ವಾ, ಹೂವಿನ ಹಾರ ಮಾತ್ರ ತೆಗೆದ್ವಿ. ಇಷ್ಟು ವರ್ಷ ಕೈ ಮುಗ್ದಿದೀನಿ, ಒಂದ್ಸಲಾನಾದ್ರೂ ತಲೆ ಮ್ಯಾಲೆ ಕೈ ಇಡಲಿ.”

ಆ ಲಗ್ನಪತ್ರಿಕೆಯ ಪ್ರೂಫ್ ಬಂದಾಗ ಕೊನೆಯ ಸಾಲಿನಲ್ಲಿ ಚಿ॥ ಸೋಮು ಕೂತಿದ್ದ. ನಾನು ಹೊಡೆದುಹಾಕಲಿಲ್ಲ.

ಅದೇ ವರ್ಷ ಚಳಿಗಾಲದಲ್ಲಿ ಏಕಾಂತಯ್ಯ ಉಪ್ಪಾರಹಳ್ಳಿಯ ಮನೆಯಲ್ಲಿ ಎದೆನೋವೆಂದು ಮಲಗಿದವನು ಏಳಲಿಲ್ಲ. ಶಿವಗಣಾರಾಧನೆಯ ಕಾರ್ಡು ಮಾಡಿಸಬೇಕೆಂದು ಹೆಂಡತಿ ಸಿದ್ದಲಕ್ಷ್ಮಮ್ಮ ಟ್ರಂಕು, ಪೆಟ್ಟಿಗೆ ಎಲ್ಲ ಹುಡುಕಿದರು. ಅವನದ್ದು ಒಂದು ಫೋಟೋ ಇರಲಿಲ್ಲ. ಊರಿನವರ ಮುಖವನ್ನೆಲ್ಲ ಅಚ್ಚು ಹಾಕಿದವನು ಸ್ಟುಡಿಯೋ ಮೆಟ್ಟಿಲನ್ನೇ ಹತ್ತಿರಲಿಲ್ಲ. ನನಗೆ ಅವನ ಮೇಲೆ ಕೋಪ ಬಂತು, ಪ್ರೆಸ್ಸಿನಲ್ಲಿ ಕೂತು ಅತ್ತೆ.

ಫೋಟೋ ಇಲ್ಲವೆಂಬ ಸುದ್ದಿ ಕೇಳಿ ಚೌಡಪ್ಪನವರು ಬಂದರು. ಕಂಕುಳಲ್ಲಿ ಟವೆಲಿನ ಗಂಟು. ಮೇಜಿನ ಮೇಲಿಟ್ಟು ಬಿಚ್ಚಿದರು.

“ಇದನ್ನೇ ಹಾಕಿ ಮೇಷ್ಟ್ರೇ. ಇಂಕು ಒಂದು ಕೈ ಜಾಸ್ತಿ ಇರ್ಲಿ. ರೂಲು ಅಡ್ಡ ಜೋಡ್ಸಿ, ಅವ್ನು ವಿಭೂತಿಯೋನು.”

ಪ್ರೂಫ್ ನಾನೇ ನೋಡಿದೆ. ದುಃಖತಪ್ತರ ಪಟ್ಟಿಯ ಕೊನೆಗೆ ಸೋಮುವಿನ ಹೆಸರನ್ನು ನನ್ನ ಕೈಯಾರೆ ಸೇರಿಸಿದೆ.

ಕಾರ್ಡು ಒಣಗುವವರೆಗೂ ಕಾದಿದ್ದು ಚೌಡಪ್ಪನವರು ಒಂದು ಕಟ್ಟು ತೆಗೆದುಕೊಂಡು ಹೋದರು. ಗುಬ್ಬಿಯ ಪೇಟೆ ಬೀದಿಯಲ್ಲಿ ಜರಿ ರುಮಾಲು ಕಟ್ಟಿಕೊಂಡು ಅಂಗಡಿ ಅಂಗಡಿಗೂ ಹಂಚಿದರಂತೆ. ಜನ ಕಾರ್ಡು ನೋಡುವುದು, ಅವರ ಮುಖ ನೋಡುವುದು. ಕೊನೆಗೆ ಒಬ್ಬ ಅಂಗಡಿಯವನು ಧೈರ್ಯ ಮಾಡಿ ಕೇಳಿಯೇಬಿಟ್ಟ.

“ಏನ್ ಚೌಡಪ್ಪನೋರೇ, ಇದು ನಿಮ್ ಮುಖ ಅಲ್ವಾ?”

“ಅಲ್ಲ ಕಣಯ್ಯ” ಎಂದರಂತೆ ಚೌಡಪ್ಪನವರು, “ಇದು ಏಕಾಂತಯ್ಯಂದು.”