ದೊಡ್ಡಮ್ಮ ಹೇಳದ ಹೆಸರು

ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೋ ಇತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ಸ್ಟುಡಿಯೋ ಅಂದರೆ ದೊಡ್ಡ ಮಾತಾಯಿತು. ಎರಡು ದೀಪ, ಒಂದು ಕತ್ತಲೆ ಕೋಣೆ, ಒಂದು ಪರದೆ. ಪರದೆಯ ಮೇಲೆ ನಾನೇ ಬರೆದ ನವಿಲು ಯಾವ ಕಡೆಯಿಂದ ನೋಡಿದರೂ ಎಮ್ಮೆಯ ಹಾಗೆ ಕಾಣುತ್ತಿತ್ತು. ಪರೀಕ್ಷೆಗೆ ಕಟ್ಟುವವರ ಫೋಟೊ, ಗಂಡಿನ ಮನೆಗೆ ಕಳಿಸುವ ಹುಡುಗಿಯರ ಫೋಟೊ, ಸತ್ತವರ ಫೋಟೊ, ಇಷ್ಟೇ ನನ್ನ ವಿದ್ಯೆ. ಯುದ್ಧದ ಸ್ಮಾರಕಗಳನ್ನು ಹುಡುಕಿಕೊಂಡು ಬೆಂಗಳೂರು ಸುತ್ತುವ ಹುಚ್ಚು ನನಗೆ ತಾನಾಗಿ ಹಿಡಿದದ್ದಲ್ಲ. ಹಿಡಿಸಿದವಳು ನನ್ನ ದೊಡ್ಡಮ್ಮ.

ದೊಡ್ಡಮ್ಮ ನನ್ನಪ್ಪನ ಅಣ್ಣನ ಹೆಂಡತಿ. ಕಿಬ್ಬನಹಳ್ಳಿಯಲ್ಲಿ ಬಸ್ ಇಳಿದು ಎರಡು ಮೈಲಿ ನಡೆದರೆ ನಮ್ಮೂರು. ಮದುವೆಯಾದ ಎರಡನೇ ವರ್ಷ ದೊಡ್ಡಪ್ಪ ಕೊಬ್ಬರಿ ಗಾಡಿ ಹೊಡೆದುಕೊಂಡು ತಿಪಟೂರಿನ ಸಂತೆಗೆ ಹೋದವನು, ಗಾಡಿಯನ್ನು ಊರಿನವರ ಕೈಗೆ ಕೊಟ್ಟು, ಸೈನ್ಯಕ್ಕೆ ಜನ ಸೇರಿಸಲು ಬಂದಿದ್ದ ಪಲ್ಟನ್ನಿನವರ ಜೊತೆ ಹೊರಟೇಬಿಟ್ಟ. ನಮ್ಮ ಕಡೆಯವರು ಜರ್ಮನ್ ಯುದ್ಧ ಅನ್ನುತ್ತಿದ್ದ ಎರಡನೇ ಮಹಾಯುದ್ಧ ಅದು. ಒಮ್ಮೆ ರಜಕ್ಕೆ ಬಂದು ಎಂಟು ದಿನ ಇದ್ದು ಹೋದನಂತೆ. ಆಮೇಲೆ ಅವನೂ ಬರಲಿಲ್ಲ, ಅವನ ಬಗ್ಗೆ ಒಂದು ಕಾಗದವೂ ಬರಲಿಲ್ಲ.

ದೊಡ್ಡಮ್ಮ ಮೂವತ್ತೈದು ವರ್ಷ ಹಣೆಯ ಮೇಲೆ ಎಂಟಾಣೆ ಅಗಲದ ಕುಂಕುಮ ಇಟ್ಟುಕೊಂಡೇ ಬಾಳಿದಳು. "ಹೆಣ ತಂದು ತೋರ್ಸಿ, ಅಳುಸ್ತೀನಿ" ಅನ್ನುತ್ತಿದ್ದಳು. ಅವಳ ಬಾಯಿಗೆ ಹೆದರಿ ಊರು ಸುಮ್ಮನಿತ್ತು. ನನ್ನ ತಂಗಿಯ ಮದುವೆಯಲ್ಲಿ ಬೇರೆ ಊರಿನವರು ಬಂದರು. ಅರಿಶಿನ ಕುಟ್ಟುವ ಶಾಸ್ತ್ರಕ್ಕೆ ಐದು ಜನ ಮುತ್ತೈದೆಯರು ಒನಕೆ ಹಿಡಿಯಬೇಕು. ದೊಡ್ಡಮ್ಮ ಮುಂದೆ ಬಂದು ಒನಕೆಗೆ ಕೈ ಹಾಕಿದಳು. ಗಂಡಿನ ಕಡೆಯ ಹಿರಿಯಾಕೆಯೊಬ್ಬರು ಮೆಲ್ಲಗೆ, "ನೀವಿರ್ಲಿ ಬುಡಿ ಅಮ್ಮ, ಅನುಮಾನ ಯಾಕೆ" ಅಂದರು. ಜಗಳಕ್ಕೆ ಬಂದಿದ್ದರೆ ದೊಡ್ಡಮ್ಮ ಅಲ್ಲೇ ಜಾಲಾಡಿಬಿಡುತ್ತಿದ್ದಳು. ಆಕೆ ಮರ್ಯಾದೆಯಿಂದ ಹೇಳಿದ್ದರು, ಅದೇ ಕಷ್ಟವಾಯಿತು. ದೊಡ್ಡಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಅಡುಗೆಮನೆಗೆ ಹೋದಳು. ನಾನು ಕ್ಯಾಮೆರಾ ಹಿಡಿದು ಎದುರಿಗೇ ನಿಂತಿದ್ದೆ. ಒನಕೆ ಹಿಡಿದ ಉಳಿದವರ ಫೋಟೊ ತೆಗೆದೆ. ಇವತ್ತಿಗೂ ಅದಕ್ಕೆ ನನ್ನ ಮೇಲೆ ನನಗೆ ಸಿಟ್ಟಿದೆ.

ಮುಂದಿನ ವಾರ ಸಂತೆಗೆ ಬಂದವಳು ಸೀದಾ ಸ್ಟುಡಿಯೋ ಒಳಗೆ ಬಂದು, ಗಿರಾಕಿಗಳನ್ನು ಕೂರಿಸುವ ಕುರ್ಚಿಯ ಮೇಲೆ ಕೂತಳು.

"ಬೆಂಗ್ಳೂರಾಗೆ ಒಂದೊಂದು ಪಲ್ಟನ್‌ಗೂ ಒಂದೊಂದು ಕಲ್ಲು ನಿಲ್ಸವ್ರಂತೆ. ಸತ್ತೋರ ಹೆಸ್ರೆಲ್ಲ ಕೆತ್ತವ್ರಂತೆ. ಕೊಬ್ರಿ ಸಾವ್ಕಾರ್ರು ಹೇಳುದ್ರು. ಹೋಗಿ ಅವುನ್ನೆಲ್ಲ ಪಟ ಹಿಡ್ಕಂಬಾ."

"ಯಾವ ಪಲ್ಟನ್ ದೊಡ್ಡಮ್ಮ?"

"ನಂಗೇನ್ಲಾ ಗೊತ್ತು? ಎಲ್ಲಾನೂ ಹಿಡಿ. ಹೆಸ್ರು ಐತೆ ಅಂದ್ರೆ ಕುಂಕ್ಮ ಅಳುಸ್ತೀನಿ. ಇಲ್ಲ ಅಂದ್ರೆ ಒನ್ಕೆ ಹಿಡೀತೀನಿ. ಕಂಡೋರ ಬಾಯಾಗೆ ಅನುಮಾನ ಅನ್ನಿಸ್ಕಂಡು ಬಾಳಕ್ಕಾಗಲ್ಲ ಕಣಪ್ಪ."

ಮೂರು ಸಲ ಹೋದೆ. ಬೆಂಗಳೂರಿನಲ್ಲಿ ಸ್ಮಾರಕ ಎಲ್ಲಿ ಎಂದು ಕೇಳಿದರೆ ಜನ ಯಾರು ಯಾರದೋ ಸಮಾಧಿಗೆ ಕಳಿಸುತ್ತಿದ್ದರು. ಯುದ್ಧದ ಕಲ್ಲು ಎಂದು ಕೇಳಿದ್ದಕ್ಕೆ ಒಬ್ಬ ಆಟೋದವನು ಒರಳುಕಲ್ಲು ಮಾರುವವರ ಮುಂದೆ ಇಳಿಸಿ ಹೋದ. ಹಾಳಾಗಲಿ ಎಂದು ಕಂಟೋನ್ಮೆಂಟಿನ ಕಡೆ ನಡೆದುಕೊಂಡೇ ಹುಡುಕಿದೆ. ಒಂದು ಕಲ್ಲು ರಸ್ತೆ ಕೂಡುವ ವೃತ್ತದ ನಡುವೆ ಇತ್ತು, ಸುತ್ತ ಬಸ್ಸುಗಳು. ಇನ್ನೊಂದು ಪಾರ್ಕಿನ ಪೊದೆಯ ಹಿಂದೆ, ಅದರ ಮೇಲೆ ಯಾರೋ ಬನಿಯನ್ ಒಣಗಹಾಕಿದ್ದರು. ಮತ್ತೊಂದು ಸೈನ್ಯದವರ ಕಾಂಪೌಂಡ್ ಒಳಗೆ. ಕ್ಯಾಮೆರಾ ಕಂಡ ಕೂಡಲೇ ಕಾವಲಿನವನು ಹಿಂದಿಯಲ್ಲಿ ಗದರಿದ. ಗೇಟಿನ ಮುಂದೆ ಬಿಸಿಲಲ್ಲಿ ಕೂತೆ. ಕೊನೆಗೆ ಹಾಸನದ ಕಡೆಯ ಹವಾಲ್ದಾರರೊಬ್ಬರು ನನ್ನ ಕನ್ನಡ ಕೇಳಿ ಕರಗಿ, "ಹತ್ತು ನಿಮಿಷ ಕಣ್ರೀ, ಬೇಗ ಮುಗ್ಸಿ" ಎಂದು ಒಳಗೆ ಬಿಟ್ಟರು.

ಕೆತ್ತಿದ ಅಕ್ಷರ ಸವೆದಿದ್ದರೆ ನೆತ್ತಿಯ ಬಿಸಿಲಿನಲ್ಲಿ ಫೋಟೊದಲ್ಲಿ ಕಾಣುವುದಿಲ್ಲ. ಸೀಮೆಸುಣ್ಣ ತರಲು ಮರೆತಿದ್ದೆ. ಜೇಬಿನಲ್ಲಿ ವಿಭೂತಿ ಗಟ್ಟಿ ಇತ್ತು. ಅದನ್ನೇ ತೇಯ್ದು ಇಂಗ್ಲಿಷ್ ಅಕ್ಷರಗಳಿಗೆ ತುಂಬಿದೆ. ಹೆಸರುಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು. ಹವಾಲ್ದಾರರು ನಾನು ಪೂಜೆ ಮಾಡುತ್ತಿದ್ದೇನೆ ಅಂದುಕೊಂಡು ಬೂಟು ಬಿಚ್ಚಿ ಕೈ ಮುಗಿದು ನಿಂತರು. ಅಲ್ಲ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ.

ಫೋಟೊಗಳನ್ನು ದೊಡ್ಡದು ಮಾಡಿ, ಭೂತಗನ್ನಡಿ ಹಿಡಿದು ಒಂದೊಂದೇ ಹೆಸರು ಓದಿದೆ. ಪಹಣಿಯಲ್ಲಿದ್ದ ದೊಡ್ಡಪ್ಪನ ಹೆಸರು ಯಾವ ಕಲ್ಲಿನಲ್ಲೂ ಇರಲಿಲ್ಲ. ಕುಣಿದಾಡುವಷ್ಟು ಸಂತೋಷವಾಯಿತು. ಅವತ್ತೇ ಊರಿಗೆ ಹೋದೆ. ದೊಡ್ಡಮ್ಮ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ನೋಡುತ್ತಿದ್ದಳು.

"ಇಲ್ಲ ದೊಡ್ಡಮ್ಮ! ಯಾವ ಕಲ್ಲಲ್ಲೂ ಇಲ್ಲ!"

ಕಾಯಿ ಅವಳ ಕಿವಿಯ ಹತ್ತಿರವೇ ನಿಂತಿತು. "ಯಾವ ಹೆಸ್ರು ನೋಡ್ದೆ?"

"ಇನ್ಯಾವ ಹೆಸರು? ದೊಡ್ಡಪ್ಪನ ಹೆಸರು."

"ಅಯ್ಯೋ ಶಿವ್ನೆ, ಆ ಹೆಸ್ರು ಅವ್ರು ಕೊಟ್ಟಿಲ್ಲ ಕಣ್ಲಾ. ಅವ್ರಪ್ಪ ಹುಡುಕ್ಕಂಬಂದು ಎಳ್ಕಂಡೋಯ್ತಾರೆ ಅಂತ ಬ್ಯಾರೆ ಹೆಸ್ರು, ಬ್ಯಾರೆ ಊರು ಬರ್ಸವ್ರೆ. ರಜಕ್ಕೆ ಬಂದಾಗ ನಂಗೊಬ್ಳಿಗೇ ಹೇಳುದ್ರು. ಯಾರ್ಗೂ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ರು."

ಸರ್ಕಾರದ ಕಾಗದ ಯಾಕೆ ಬರಲಿಲ್ಲ ಎಂದು ಮೂವತ್ತೈದು ವರ್ಷದ ಮೇಲೆ ಗೊತ್ತಾಯಿತು. ನನಗೆ ಮೈಯೆಲ್ಲ ಉರಿದುಹೋಯಿತು. ಇದನ್ನು ಮೊದಲೇ ಹೇಳಬಾರದಿತ್ತೇ! "ಈಗಲಾದರೂ ಹೇಳು, ಏನದು ಹೆಸರು?" ಎಂದು ಕೂಗಿದೆ.

ಅವಳು ಬಾಯಿ ತೆರೆದಳು, ಮುಚ್ಚಿದಳು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ, ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅನ್ನುವ ನಂಬಿಕೆ. ಮೂವತ್ತೈದು ವರ್ಷ ಕಾಪಾಡಿದ ಆಯಸ್ಸನ್ನು ನನ್ನ ಒಂದು ಕೂಗಿಗೆ ಬಿಟ್ಟುಕೊಡುವಳೇ? ಕೊನೆಗೆ ನೆಲ ನೋಡುತ್ತಾ, "ನಮ್ಮಪ್ಪುನ್ ಹೆಸ್ರು" ಅಂದಳು.

ಮಾವನ ಹೆಸರು ಬರೆಸಿದ್ದ ಪುಣ್ಯಾತ್ಮ! ಅಂದಿನಿಂದ ಅವಳಿಗೆ ಗಂಡನ ಹೆಸರಿನ ಜೊತೆಗೆ ಹೆತ್ತ ಅಪ್ಪನ ಹೆಸರೂ ಹೇಳಬಾರದ ಹೆಸರಾಯಿತು. ಶೆಟ್ಟಿಕೆರೆಯ ಕಡೆಯ ಅವಳ ತವರಿನ ಮಾತು ಬಂದಾಗಲೆಲ್ಲ ಅವಳು "ನಮ್ಮಪ್ಪ" ಅಂತಲೇ ಹೇಳುತ್ತಿದ್ದಳು. ಅದನ್ನು ನಾವು ಯಾರೂ ಗಮನಿಸಿರಲಿಲ್ಲ.

ಅವಳಪ್ಪನ ಹೆಸರನ್ನು ಊರಿನ ಹಿರಿಯರಿಂದ ಕೇಳಿಕೊಂಡು, ಮತ್ತೆ ತಿಪಟೂರಿಗೆ ಬಂದು ಭೂತಗನ್ನಡಿ ಹಿಡಿದು ಕೂತೆ. ಆ ಹೆಸರು ಸಿಕ್ಕಿತು. ವೃತ್ತದ ಕಲ್ಲಿನಲ್ಲಿ ಒಂದು, ಪಾರ್ಕಿನ ಕಲ್ಲಿನಲ್ಲಿ ಒಂದು, ಹವಾಲ್ದಾರರು ಕೈ ಮುಗಿದ ಕಲ್ಲಿನಲ್ಲಿ ಒಂದು. ಶಿವನದೇ ಹೆಸರು ಅದು, ಅದನ್ನು ಇಡದ ಮನೆ ನಮ್ಮ ಸೀಮೆಯಲ್ಲಿ ಯಾವುದಿದೆ? ಮೂವರು ಸತ್ತಿದ್ದರು. ಮೂವರಲ್ಲಿ ಒಬ್ಬ ದೊಡ್ಡಪ್ಪ ಇರಬಹುದು, ಒಬ್ಬನೂ ಅಲ್ಲದೆಯೂ ಇರಬಹುದು. ನನ್ನ ಹತ್ತಿರ ನೆಗೆಟಿವ್ ತಿದ್ದುವ ಪೆನ್ಸಿಲ್ ಇತ್ತು. ಎಷ್ಟೋ ಹುಡುಗಿಯರ ಮುಖದ ಸಿಡುಬಿನ ಕಲೆ ಅದರಲ್ಲಿ ಅಳಿಸಿದ್ದೆ. ಈ ಮೂರು ಹೆಸರು ಅಳಿಸುವುದೇನು ಕಷ್ಟದ ಕೆಲಸವಲ್ಲ. ಪೆನ್ಸಿಲ್ ಕೈಗೆ ತೆಗೆದುಕೊಂಡೆ, ಮತ್ತೆ ಇಟ್ಟೆ. ಮೂರೂ ಫೋಟೊ ಹಾಗೇ ತೆಗೆದುಕೊಂಡು ಹೋದೆ.

ದೊಡ್ಡಮ್ಮನಿಗೆ ಓದಲು ಬರುತ್ತಿರಲಿಲ್ಲ. ನಾನು ತೋರಿಸಿದ ಸಾಲಿನ ಮೇಲೆ ಬೆರಳಾಡಿಸಿದಳು. "ಇದ್ರಾಗೆ ಯಾವುದು ಅವ್ರು?"

"ಗೊತ್ತಿಲ್ಲ ದೊಡ್ಡಮ್ಮ."

"ಊರು ಹಾಕಿಲ್ವಾ?"

"ಇಲ್ಲ."

"ಊರು ಹಾಕ್ದೆ ಬರೀ ಹೆಸ್ರು ಕೆತ್ತುದ್ರೆ ಯಾರು ಅಂತ ತಿಳ್ಕಳದು? ನಮ್ಮೂರಾಗೇ ಆ ಹೆಸ್ರಿನೋರು ಆರು ಜನ ಅವ್ರೆ. ಬುದ್ಧಿ ಬ್ಯಾಡ್ವಾ ಕೆತ್ತಿಸ್ದೋರ್ಗೆ?" ಎಂದು ನನಗೇ ಬೈದಳು, ಕಲ್ಲು ನಾನೇ ಕೆತ್ತಿಸಿದವನ ಹಾಗೆ. ಬೈದು ಮುಗಿದ ಮೇಲೆ ಸಣ್ಣ ದನಿಯಲ್ಲಿ, "ನೀನೇ ಹೇಳಪ್ಪ. ಅಳುಸ್ಲಾ, ಇಟ್ಕಳ್ಳಾ?" ಅಂದಳು.

ನಾನು ಫೋಟೊಗಳನ್ನು ಕವರಿಗೆ ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಅವಳು ಕುಂಕುಮ ಅಳಿಸಲಿಲ್ಲ. ಆದರೆ ನಾನು ಹೋದಾಗಲೆಲ್ಲ ಅದು ಸಣ್ಣದಾಗಿರುತ್ತಿತ್ತು. ಎಂಟಾಣೆ ಇದ್ದದ್ದು ಮೆಣಸಿನ ಕಾಳಷ್ಟಾಯಿತು, ಆಮೇಲೆ ಸಾಸಿವೆಯಷ್ಟು. ಯಾವ ಮದುವೆಯಲ್ಲೂ ಅವಳು ಒನಕೆಯ ಹತ್ತಿರ ಹೋಗಲಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಬೆಳಿಗ್ಗೆ, ದೊಡ್ಡಮ್ಮ ತೀರಿಕೊಂಡಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಫೋಟೊ ತೆಗೆಯಲು ನನ್ನನ್ನೇ ನಿಲ್ಲಿಸಿದರು. ಹೆಂಗಸರು ಮೈ ತೊಳೆದು, ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದರು. ಆಮೇಲೆ ಕುಂಕುಮದ ಬಟ್ಟಲು ಹಿಡಿದು ಸುಮ್ಮನೆ ನಿಂತುಬಿಟ್ಟರು.

"ಇಡ್ಬೇಕೋ ಬ್ಯಾಡ್ವೋ?"

"ಒಂಚೂರು ಇತ್ತಲ್ಲ ಹಣೆ ಮ್ಯಾಲೆ."

"ಅದು ಮಚ್ಚೆ ಕಣೇ."

"ಮಚ್ಚೆ ತೊಳುದ್ರೆ ಹೋಗ್ತದೇನೇ?"

ನಂತರ ಎಲ್ಲರೂ ನನ್ನ ಕಡೆ ತಿರುಗಿದರು. "ಬೆಂಗ್ಳೂರೆಲ್ಲ ತಿರುಗಿ ಕಲ್ಲು ಓದ್ಕಂಬಂದೋನು ಅವ್ನೇ ಅಲ್ವಾ. ಏನಪ್ಪ, ನೀನೇ ಹೇಳು."

ನನಗೆ ಅವತ್ತೂ ಗೊತ್ತಿರಲಿಲ್ಲ. ಇವತ್ತೂ ಗೊತ್ತಿಲ್ಲ.

"ಇಡಿ" ಅಂದೆ. "ಎಂಟಾಣೆ ಅಗಲ ಇಡಿ."

ಬಟ್ಟಲು ಹಿಡಿದಿದ್ದ ಮುದುಕಿ ನನ್ನ ಮುಖವನ್ನೇ ನೋಡಿದಳು. "ಹಂಗಾರೆ ಅವ್ರು ಬದುಕವ್ರಾ?"

"ಇಡಿ ಅಂದ್ನಲ್ಲಮ್ಮ!" ಎಂದು ಕೂಗಿ, ಕ್ಯಾಮೆರಾದೊಳಗೆ ಮುಖ ಹುದುಗಿಸಿದೆ.